ನಡೆಯುತ್ತಾ ಹೇಳುವ ಮಾತು

ಹೊಳೆಯುವ ನೆಲದ ಮೇಲೆ ಯಾರದೋ ಬೂಟು ಕೀರೆಂದಿತು, ಹತ್ತಿರ ಬಂತು, ದಾಟಿಯೂ ಹೋಯಿತು, ಅಲ್ಲ, ಶಾಸಕರಲ್ಲ, ಶಾಸಕರು ಒಂಟಿಯಾಗಿ ನಡೆಯುವುದಿಲ್ಲ, ಅವರ ಹಿಂದೆ ಯಾವಾಗಲೂ ಇನ್ನಷ್ಟು ಕಾಲುಗಳು ತಡಬಡಿಸುತ್ತಿರುತ್ತವೆ, ಇದನ್ನು ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ, ವಿಶ್ವವಿದ್ಯಾಲಯದ ಪರವಾಗಿ ಶಾಸನಸಭೆಯ ಈ ಮೊಗಸಾಲೆಯಲ್ಲಿ ನಿಂತು ನಿಂತು ನನ್ನ ಕಿವಿಗೆ ಅಷ್ಟು ವಿದ್ಯೆ ಬಂದಿದೆ, ಎದೆಗೆ ಬಂದಿಲ್ಲ, ಅದು ಇವತ್ತೂ ಪರೀಕ್ಷೆಯ ಕೋಣೆಯ ಹೊರಗೆ ನಿಂತ ಹುಡುಗಿಯ ಹಾಗೆ ಕುಣಿಯುತ್ತಿದೆ, ಕುಣಿ, ಕುಣಿ, ಇವತ್ತಲ್ಲದೆ ಇನ್ಯಾವತ್ತು — ಎತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದು ನಮ್ಮ ವಿದ್ಯಾರ್ಥಿಗಳ ಎದೆಯ ಮೇಲಿನ ನೀಲಿ ಪಟ್ಟಿಗಳೆಲ್ಲ ಒಮ್ಮೆಲೇ ಹೊತ್ತಿಕೊಂಡಂತಿವೆ, ಕಂಬಕ್ಕೊಬ್ಬರಂತೆ ನಿಂತಿದ್ದಾರೆ, ನಾನೇ ನಿಲ್ಲಿಸಿದ್ದು, ಪ್ರತಿಯೊಬ್ಬ ಶಾಸಕರಿಗೂ ಅವರದೇ ಕ್ಷೇತ್ರದ ಒಬ್ಬ ವಿದ್ಯಾರ್ಥಿ, ಅವರದೇ ಬೀದಿಯ ದನಿ, ಅಲ್ಲಿ ದಾದಿ, ಇಲ್ಲಿ ಬಸ್ಸು ಓಡಿಸುವವನು, ಮೆಟ್ಟಿಲ ಬಳಿ ಅವಳಿ ಮಕ್ಕಳ ತಾಯಿ, ಮತ್ತು ಶಿಕ್ಷಣ ಸಮಿತಿಯ ಬಾಗಿಲಿಗೆ ತೀರ ಹತ್ತಿರದ ಕಂಬಕ್ಕೆ ನನ್ನ ನಾದಿನಿ, ಬೇಕರಿಯ ಮುಂಜಾನೆ ಪಾಳಿ ಮುಗಿಸಿಯೇ ಬಂದಿದ್ದಾಳೆ, ಕಿವಿಯ ಹಿಂದೆ ಹಿಟ್ಟು, ಒರೆಸಿಕೋ ಎಂದು ಸನ್ನೆ ಮಾಡಿದರೆ ಇನ್ನೊಂದು ಕಿವಿ ಒರೆಸಿಕೊಳ್ಳುತ್ತಾಳೆ, ಇರಲಿ ಬಿಡು, ಹಿಟ್ಟೂ ಒಂದು ಸಾಕ್ಷಿಯೇ — ಹಗಲು ದುಡಿದು ಸಂಜೆ ಓದುವವರು ಇವರೆಲ್ಲ, ಆ ಸಂಜೆ ತರಗತಿಗಳನ್ನೇ ನಿಲ್ಲಿಸಬೇಕೆಂಬ ಪ್ರಸ್ತಾಪ ಇವತ್ತು ಆ ಬಾಗಿಲ ಒಳಗೆ ಮತಕ್ಕೆ ಬರುತ್ತದೆ, ಅದು ಗೆದ್ದರೆ ನಾದಿನಿಯ ಕಾನೂನು ಪದವಿ ಕೊನೆಯ ವರ್ಷದ ಹೊಸ್ತಿಲಲ್ಲೇ ನಿಂತುಹೋಗುತ್ತದೆ, ಸಮಿತಿಯಲ್ಲಿ ಅರ್ಧ ಮಂದಿ ಆಚೆ, ಅರ್ಧ ಮಂದಿ ಈಚೆ, ನಡುವೆ ಅಧ್ಯಕ್ಷೆ, ಆಕೆ ಯಾವ ಕಡೆ ಎಂದು ಆಕೆಯ ಕಾರಿನ ಚಾಲಕನಿಗೂ ಗೊತ್ತಿಲ್ಲವಂತೆ, ಅವನನ್ನೂ ಕೇಳಿ ನೋಡಿದ್ದಾಗಿದೆ. ಪಕ್ಕದಲ್ಲಿ ಶೇಕಡಾ ಮೇಷ್ಟ್ರು ಉಗುರು ಕಚ್ಚುತ್ತಿದ್ದಾರೆ, ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು, ಮಗಳ ಮದುವೆಯಲ್ಲೂ ಶೇಕಡಾ ಎಷ್ಟು ಜನ ಉಂಡರು ಎಂದು ವಿಚಾರಿಸಿದರೆಂದು ಖ್ಯಾತಿ, ಗೆಲ್ಲೋ ಸಂಭವ ಶೇಕಡಾ ಐವತ್ತು ಕಣಮ್ಮ ಎನ್ನುತ್ತಾರೆ, ಅಷ್ಟನ್ನ ಒಂದು ನಾಣ್ಯನೂ ಹೇಳುತ್ತೆ ಸಾರ್ ಎಂದೆ, ಹೇಳುತ್ತೆ, ಆದ್ರೆ ನಾಣ್ಯಕ್ಕೆ ಡಾಕ್ಟರೇಟ್ ಇಲ್ವಲ್ಲ, ಎಂದರು, ನಗು ಬಂತು.

ಈ ಪ್ರಸ್ತಾಪ ತಡೆಯುವ ಯೋಜನೆಯ ಮೊದಲ ಸಭೆಯಲ್ಲಿ ಕುಲಪತಿಗಳು ನುಣುಪು ಕಾಗದದ ಕಿರುಹೊತ್ತಿಗೆ ಮಾಡಿಸೋಣ ಎಂದಿದ್ದರು, ಮುಖಪುಟದಲ್ಲಿ ಗ್ರಂಥಾಲಯದ ಗೋಪುರ, ಒಳಗೆ ನಕ್ಷೆ, ನಾನು ಸಭೆಗಳಲ್ಲಿ ಬಾಯಿ ಬಿಡುವವಳಲ್ಲ, ಕೇಳಿಸಿಕೊಳ್ಳುವುದೇ ನನ್ನ ಸ್ವಭಾವ, ದೇವರ ಮುಂದೆ ಕುಳಿತಾಗಲೂ ಬೇಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚು, ಆವತ್ತು ಮಾತ್ರ ಏನು ಹೊಕ್ಕಿತ್ತೋ, ಸಾರ್ ಶಾಸಕರು ಓದಲ್ಲ, ಕೂರೋದೂ ಇಲ್ಲ, ನಡೀತಾರೆ, ಬಾಗಿಲಿಂದ ಲಿಫ್ಟಿನವರೆಗೆ ನಮಗೆ ಸಿಗೋದು ಅಷ್ಟೇ ದಾರಿ, ಅಂದುಬಿಟ್ಟೆ, ಕುಲಪತಿಗಳು ಕನ್ನಡಕ ತೆಗೆದರು, ಅಂದ್ರೆ ನಮ್ಮ ಮಕ್ಕಳು ಓಡ್ತಾ ಮಾತಾಡ್ಬೇಕು ಅಂತೀರಾ, ಓಡೋದಲ್ಲ ಸಾರ್, ಜೊತೆಗೆ ಹೆಜ್ಜೆ ಹಾಕೋದು — ನಡೆಮಾತು ಎಂದು ಹೆಸರೂ ಇಟ್ಟೆ, ರಸಾಯನಶಾಸ್ತ್ರ ವಿಭಾಗದ ಓಣಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಕುಡಿಯುತ್ತಾ ಅಭ್ಯಾಸ, ನಾನೇ ಶಾಸಕಿ, ಬಗಲಲ್ಲಿ ಕಡತ, ಕಿವಿಗೆ ಫೋನು, ಮುಖ ಆಚೆ, ದಬದಬ ನಡೆದುಬಿಡುವುದು, ವಿದ್ಯಾರ್ಥಿ ಪಕ್ಕಕ್ಕೆ ಬಂದು ಸೇರಿಕೊಂಡು ಕೊನೆಯ ಬಾಗಿಲು ಮುಟ್ಟುವುದರೊಳಗೆ ಮಾತು ಮುಗಿಸಬೇಕು, ಬಸ್ಸು ಓಡಿಸುವವನು ಮೂರು ಸಲ ಹಿಂದೆ ಬಿದ್ದ, ಸಿಗ್ನಲ್ಲೇ ಇಲ್ದೆ ಹೀಗೆಲ್ಲ ನುಗ್ಗಿದ್ರೆ ಲೈಸೆನ್ಸ್ ಕಿತ್ಕೋತಾರೆ ಮೇಡಂ ಎಂದ, ದಾದಿಯೋ ಶಾಸಕಿಯಾದ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿಬಿಟ್ಟಳು, ಅಭ್ಯಾಸಬಲ, ನಾದಿನಿ ಮಾತ್ರ ಮೊದಲ ದಿನವೇ ಹಿಡಿದುಕೊಂಡಳು, ಹೆಜ್ಜೆಗೆ ಮಾತು, ಮಾತಿಗೆ ಹೆಜ್ಜೆ, ಒಂದು ವಾಕ್ಯ ಮುಗಿದರೆ ಒಂದು ಕಿಟಕಿ ದಾಟಿರುತ್ತಿತ್ತು, ಎಲ್ಲಿ ಕಲಿತ್ಯೇ ಎಂದರೆ, ಓವನ್ನಿಂದ ಕೌಂಟರಿಗೆ ತಟ್ಟೆ ಹೊತ್ಕೊಂಡು ಓಡಾಡ್ತಾ ಅಲ್ಲಿ ಇರೋ ಬರೋರ ಜೊತೆಗೆಲ್ಲ ಮಾತಾಡ್ತೀನಲ್ಲ ಅತ್ತಿಗೆ, ನಿಂತ್ರೆ ಬನ್ನು ಸೀದುಹೋಗುತ್ತೆ — ನಾನು ಕಲಿತದ್ದು ಅಪ್ಪನಿಂದ, ಅದನ್ನು ಯಾರಿಗೂ ಹೇಳಿಲ್ಲ, ಅಪ್ಪ ಬೆಳಗ್ಗೆ ಪದ್ಯ ಹೇಳುತ್ತಿದ್ದರು, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾ, ನಾನು ಕದದ ಸಂದಿಯಲ್ಲಿ ಮಂಡಿ ಮಡಿಸಿಕೊಂಡು, ಅರ್ಥ ಆಗುತ್ತಿರಲಿಲ್ಲ, ಉಸಿರು ಗೊತ್ತಾಗುತ್ತಿತ್ತು, ಸಾಲು ಮುಗಿಯುವುದಕ್ಕೂ ಗೋಡೆ ಬರುವುದಕ್ಕೂ ಸರಿಹೋಗುತ್ತಿತ್ತು, ತಿರುಗಿದ ಕಾಲಿಗೆ ಹೊಸ ಸಾಲಿನ ಪ್ರಾಸ ತಾಕುತ್ತಿತ್ತು, ಆ ಲೆಕ್ಕದಲ್ಲೇ ಇವರೆಲ್ಲರ ಮಾತನ್ನು ನಾನು ಕತ್ತರಿಸಿದ್ದು, ಹೊಲಿದದ್ದು, ಒಬ್ಬೊಬ್ಬರ ಉಸಿರಿನ ಉದ್ದ ನೋಡಿ —

ಬಾಗಿಲು! ತೆರೆಯಿತು, ಮತಕ್ಕೆ ಮೊದಲಿನ ಬಿಡುವು, ದೇವರೇ, ಕಾಲುಗಳು, ಎಷ್ಟೊಂದು ಕಾಲುಗಳು, ದಾದಿ ತನ್ನ ಕಂಬ ಬಿಟ್ಟಳು, ಬಸ್ಸಿನವನು ಇಂಡಿಕೇಟರ್ ಹಾಕಿದವನಂತೆ ಎಡಗೈ ಚಾಚಿ ತನ್ನ ಶಾಸಕರ ಪಕ್ಕಕ್ಕೆ ಸರಿದುಕೊಂಡ, ಭೇಷ್, ಅವರಿಬ್ಬರ ಹೆಜ್ಜೆ ಕೂಡಿತು, ಮೆಟ್ಟಿಲ ಕಡೆಯ ತಾಯಿಯ ದನಿ ಈಗಾಗಲೇ ನಗಿಸುತ್ತಿದೆ ಯಾರನ್ನೋ, ಮೊಗಸಾಲೆ ಪೂರ್ತಿ ಮಾತು ನಡೆಯುತ್ತಿದೆ, ನಿಜವಾಗಿಯೂ ನಡೆಯುತ್ತಿದೆ, ಅಪ್ಪಾ ನೋಡಿ ಎನ್ನಬೇಕೆನಿಸಿತು, ಈಗ ಅಧ್ಯಕ್ಷೆ, ಎಲ್ಲಿ, ಎಲ್ಲರೂ ಹೊರಬಂದ ಮೇಲೆ ಕೊನೆಗೆ ಒಂದು ಕೋಲು ಹೊರಬಂತು, ಕೋಲಿನ ಹಿಂದೆ ಅಧ್ಯಕ್ಷೆ, ಕೋಲು ಯಾವಾಗ ಬಂತು, ಹೋದ ಅಧಿವೇಶನದಲ್ಲಿ ಚಿರತೆಯಂತೆ ನಡೆಯುತ್ತಿದ್ದವರು, ಆ ನಡಿಗೆಯನ್ನೇ ನಾನು ಓಣಿಯಲ್ಲಿ ನಟಿಸಿದ್ದೆ, ನಾದಿನಿ ಪಕ್ಕಕ್ಕೆ ಹೋಗಿ ಹೆಜ್ಜೆ ಕೂಡಿಸಲು ನೋಡಿದಳು, ಎರಡು ಹೆಜ್ಜೆ, ಅಷ್ಟೇ, ಅಧ್ಯಕ್ಷೆ ಗೋಡೆಯ ಬಳಿಯ ಬೆಂಚಿನಲ್ಲಿ ಉಸ್ಸೆಂದು ಕುಳಿತೇಬಿಟ್ಟರು, ಮಂಡಿ ನನ್ನ ಮಾತು ಕೇಳಲ್ಲಮ್ಮ, ಆಪರೇಷನ್ ಆಗಿದೆ, ಬಾ ಕೂತ್ಕೋ, ಏನು ಹೇಳ್ಬೇಕೋ ನಿಧಾನಕ್ಕೆ ಹೇಳು, ಒಳಗೆ ಕರೆಯೋದು ಇನ್ನೂ ತಡ ಇದೆ. ನಿಧಾನಕ್ಕೆ! ಯಾವ ಶಾಸಕರೂ ಯಾವ ಕಾಲದಲ್ಲೂ ಅಂದಿರದ ಮಾತು, ನಾದಿನಿ ಕುಳಿತಳು, ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು, ಒಂದು ಅಕ್ಷರವಿಲ್ಲ, ಕಣ್ಣು ನನ್ನ ಕಡೆ, ಅತ್ತಿಗೆ, ಅತ್ತಿಗೆ, ಎನ್ನುವ ಕಣ್ಣು — ನನ್ನ ಎದೆಯ ಮೇಲಿರುವುದು ವಿಶ್ವವಿದ್ಯಾಲಯದ ಕಚೇರಿಯವರ ಹಳದಿ ಬಿಲ್ಲೆ, ಹಳದಿಯವರು ತುಟಿ ಬಿಚ್ಚಬಾರದು, ಇದು ನಾವೇ ಮಾಡಿಕೊಂಡ ನಿಯಮ, ನಾವು ಒಂದು ಪದ ಎತ್ತಿಕೊಟ್ಟರೂ ಇದೆಲ್ಲ ಗಿಣಿಪಾಠ ಎಂದು ಅವರಿಗೆ ಅನ್ನಿಸಿಬಿಡುತ್ತದೆ, ಕೆಟ್ಟೆವಲ್ಲ, ಎಲ್ಲರಿಗೂ ಓಡುವವರ ಜೊತೆ ಮಾತಾಡುವುದನ್ನು ಕಲಿಸಿದೆ, ಕೂತು ಕೇಳುವ ಒಬ್ಬರು ಸಿಕ್ಕಾರು ಎಂದು ಯಾರಿಗೆ ಹೊಳೆದಿತ್ತು, ಹಿಂದೆ ಶೇಕಡಾ ಮೇಷ್ಟ್ರು ಪಿಸುಗುಡುತ್ತಾರೆ, ಹೋಯ್ತು, ಸೊನ್ನೆ, ಪೂರ್ತಿ ಸೊನ್ನೆ — ಆಸ್ಪತ್ರೆಯ ಮಂಚ, ಅಪ್ಪ ಅಂಗಾತ, ಒಂದು ಪದ್ಯ ಹೇಳಿ ಅಪ್ಪ ಎಂದಿದ್ದೆ, ಮೊದಲ ಪದ ಸಿಗದೆ ತಡಕಾಡಿದರು, ಆಮೇಲೆ ಹೊದಿಕೆಯೊಳಗೆ ಪಾದಗಳು ಅಲ್ಲಾಡತೊಡಗಿದವು, ಎಡ, ಬಲ, ಎಡ, ಬಲ, ಇಡೀ ಪದ್ಯ ಎದ್ದು ಬಂತು —

ಪಾದ. ನಾನು ಮಾತಾಡಲಿಲ್ಲ, ನಡೆದೆ ಅಷ್ಟೇ, ಬಗಲಲ್ಲಿ ಕಡತ, ಮುಖ ಆಚೆ, ಬೆಂಚಿನ ಮುಂದಿನಿಂದಲೇ ದಬದಬ, ರಸಾಯನಶಾಸ್ತ್ರದ ಓಣಿಯ ಶಾಸಕಿ ಹೇಗೋ ಹಾಗೆ, ಹಿಂದೆ ಧಡಕ್ಕನೆ ಎದ್ದ ಸದ್ದು, ಪಕ್ಕಕ್ಕೆ ಬಂದಳು, ಹೆಜ್ಜೆ ಕೂಡಿತು, ಬಾಯಿ ಬಿಚ್ಚಿತು, ನಮಸ್ಕಾರ ಮೇಡಂ, ನಾನು ನಿಮ್ಮ ಕ್ಷೇತ್ರದ ರೈಲ್ವೆ ಗೇಟಿನ ಹಿಂದಿನ ಬೇಕರಿಯವಳು, ನೀವು ತಿಂದಿರೋ ಬ್ರೆಡ್ಡು ನಾನು ಬೆಳಗಿನ ಜಾವ ಎದ್ದು ನಾದಿದ ಹಿಟ್ಟಿಂದು, ಗೋಡೆ ಬಂತು, ತಿರುಗಿದೆವು, ನಮ್ಮ ತರಗತಿಯಲ್ಲಿ ಹಗಲು ಖಾಲಿ ಇರೋರು ಒಬ್ಬರೂ ಇಲ್ಲ, ಕಂಬ ಬಂತು, ತಿರುಗಿದೆವು, ಅಧ್ಯಕ್ಷೆಯ ತಲೆ ನಮ್ಮ ಜೊತೆಗೇ ಆ ಕಡೆ, ಈ ಕಡೆ, ಚೆಂಡಾಟ ನೋಡುವವರ ಹಾಗೆ, ಕೋಲಿನ ಬಾಗಿದ ಹಿಡಿಯ ಮೇಲೆ ಅವರ ಕೈ, ಗಂಟುಗಂಟಾದ ಬೆರಳು, ಸವೆದು ನುಣುಪಾದ ಜಾಗದಲ್ಲಿ ಹೆಬ್ಬೆರಳು, ಅಷ್ಟರಲ್ಲಿ ಆಕೆಯೇ ತಡೆದರು, ಏಯ್ ಹುಡುಗಿ, ಶಾಸಕಿ ಇಲ್ಲಿ ಕೂತಿದ್ದೀನಿ, ನೀನು ಯಾರಿಗೆ ಹೇಳ್ತಿದ್ದೀಯ, ನಾದಿನಿ ನಡೆಯುತ್ತಲೇ, ನಿಮಗೇ ಮೇಡಂ, ಕೂತ್ರೆ ಮಾತು ಬರಲ್ಲ, ನಮ್ಮತ್ತಿಗೆ ಹೀಗೇ ಕಲಿಸಿಬಿಟ್ಟಿದ್ದಾರೆ, ಮುಗಿಯಿತು, ಗಿಣಿಪಾಠ ಬಯಲಾಯಿತು, ನನ್ನ ಕಿವಿ ಕೆಂಡವಾಯಿತು, ಆದರೆ ಅಧ್ಯಕ್ಷೆ ನಕ್ಕರು, ಹೊಟ್ಟೆ ಕುಲುಕಿಸಿಕೊಂಡು ನಕ್ಕರು, ಸರಿ ನಡಿ ನಡಿ, ನನಗಂತೂ ಆಗಲ್ಲ, ನನ್ನ ಪಾಲಿಗೂ ನೀನೇ ನಡಿ, ಕಲಿಸಿದ್ದು ಸಾಕು, ನಾನು ಕೇಳಿದ್ದು ಹೇಳು, ಹಗಲು ಕಾಲೇಜಿಗೆ ಬಂದು ಓದೋಕೆ ಏನು ಕಷ್ಟ. ಇದು ಅಭ್ಯಾಸದಲ್ಲಿ ಇರಲಿಲ್ಲ, ನಾನು ಗೋಡೆಯ ಬಳಿ ನಿಂತುಬಿಟ್ಟೆ, ಅವಳು ನಿಲ್ಲಲಿಲ್ಲ, ಒಬ್ಬಳೇ ತಿರುಗಿದಳು, ಹಗಲು ನಂದಲ್ಲ ಮೇಡಂ, ಹಗಲು ಬೇಕರಿಯವರದ್ದು, ಆಮೇಲಿಂದು ಅಮ್ಮನ ಔಷಧಿದು, ಸಂಜೆ ಅಷ್ಟೇ ನಂದು, ಅದನ್ನೂ ನೀವು ತಗೊಂಡ್ರೆ, ಎಂದು ಅರ್ಧದಲ್ಲೇ ಬಿಟ್ಟಳು, ಹೆಜ್ಜೆ ಮಾತ್ರ ಬಿಡಲಿಲ್ಲ, ಓದಿ ಏನ್ಮಾಡ್ತೀಯ ಎಂದರು ಅಧ್ಯಕ್ಷೆ, ನೀವು ಮಾಡೋ ಕಾನೂನು ಓದ್ತೀನಿ ಮೇಡಂ, ತಪ್ಪು ಕಂಡ್ರೆ ಬಂದು ಕೇಳ್ತೀನಿ, ಕೇಳೋರು ಬೇರೆ ಕಮ್ಮಿ ಇದ್ರು ನೋಡು ನಮಗೆ, ಎಂದರು, ನಗದೆ, ಆದರೆ ಹೆಬ್ಬೆರಳು ಕೋಲಿನ ಹಿಡಿಯನ್ನು ತಟ್ಟತೊಡಗಿತ್ತು, ನಾದಿನಿಯ ಹೆಜ್ಜೆಗೆ ಸರಿಯಾಗಿ, ತಟ್, ತಟ್, ಆಕೆಗೇ ಗೊತ್ತಿರಲಿಲ್ಲವೇನೋ, ನನ್ನ ಕಿವಿಗೆ ಗೊತ್ತಾಯಿತು, ಕೇಳುವವರು ಕೇಳಿಸಿಕೊಳ್ಳುವಾಗ ಹಾಗೆ ಆಗುತ್ತದೆ, ಎಲ್ಲೋ ಒಂದು ಬೆರಳು ತಾಳಕ್ಕೆ ಬೀಳುತ್ತದೆ, ಒಳಗಿನಿಂದ ಗಂಟೆ ಬಾರಿಸಿತು, ಅಧ್ಯಕ್ಷೆ ಕೋಲೂರಿ ಎದ್ದರು, ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಕಿವಿ ಹಿಂದೆ ಹಿಟ್ಟಿದೆ ಒರೆಸ್ಕೋ, ಎಂದಷ್ಟೇ ಹೇಳಿ ಒಳಗೆ ಹೋದರು.

ಸಮಿತಿಯ ಕೋಣೆಯ ಹಿಂದಿನ ಸಾಲಿನಲ್ಲಿ ನಾವೆಲ್ಲ, ನೀಲಿಗೆ ನೀಲಿ ಒತ್ತಿಕೊಂಡು, ನಾದಿನಿಯ ಮೊಣಕೈ ನನ್ನ ಪಕ್ಕೆಗೆ, ಅವಳ ಕಾಲು ಕುರ್ಚಿಯ ಕೆಳಗೆ ಇನ್ನೂ ನಡೆಯುತ್ತಲೇ ಇದೆ, ಸಮ ಆದ್ರೆ ಪ್ರಸ್ತಾಪ ಬಿದ್ದುಹೋಗುತ್ತೆ, ಅಧ್ಯಕ್ಷೆ ಕೈ ಎದ್ರೆ ನಾವು ಮುಳುಗಿದ್ವಿ, ಶೇಕಡಾ ಮೇಷ್ಟ್ರು ಈ ಸಲ ಶೇಕಡಾ ಹೇಳಲಿಲ್ಲ, ಪ್ರಾರ್ಥನೆಯ ದನಿಯಲ್ಲಿ ಹೇಳಿದರು, ನಾನೂ ಬೇಡಿದೆ, ಎಂದೂ ಬೇಡದವಳು ಬೇಡಿದೆ, ಸಂಜೆಯನ್ನು ಇವರಿಗೆ ಬಿಟ್ಟುಕೊಡು ದೇವರೇ, ಅಷ್ಟು ಸಾಕು, ಸಂಜೆ ದೀಪ ಹತ್ತಿದ ತರಗತಿಗಳು, ಮೇಜಿನ ಮೇಲೆ ತೂಕಡಿಸಿ ಎದ್ದು ಕುಳಿತು ಮತ್ತೆ ಪೆನ್ನು ಹಿಡಿಯುವವರು, ಅದು — ಪ್ರಸ್ತಾಪದ ಪರವಾಗಿರುವವರು ಕೈ ಎತ್ತಬೇಕು, ಎಂದರು ಕಾರ್ಯದರ್ಶಿ, ಆಚೆ ಕಡೆಯ ಕೈಗಳು ಎದ್ದವು, ಒಂದರ ಹಿಂದೊಂದು, ಇಷ್ಟು ನಿರೀಕ್ಷಿಸಿದ್ದೇ, ಈಚೆ ಕಡೆ ಒಂದೂ ಇಲ್ಲ, ನಡುವಿನ ಕುರ್ಚಿ, ಅಲ್ಲಿ ಕೈ ಕೋಲಿನ ಮೇಲೆ, ಕಾರ್ಯದರ್ಶಿ ಆ ಕಡೆ ನೋಡಿದರು, ಕಾದರು, ಕೈ ಕೋಲಿನ ಮೇಲೆ, ಇನ್ನು ಯಾರಾದರೂ ಇದ್ದೀರಾ ಎಂದರು, ನಾದಿನಿ ನನ್ನ ಬೆರಳು ಮುರಿಯುವಷ್ಟು ಹಿಂಡಿದಳು, ಗಂಟುಗಂಟಾದ ಬೆರಳುಗಳು ಹಿಡಿಯಿಂದ ಸಡಿಲವಾದವು, ಬೇಡ, ಬೇಡ, ಮತ್ತೆ ಹಿಡಿದುಕೊಂಡವು, ಪ್ರಸ್ತಾಪ ಬಿದ್ದಿದೆ ಎಂದು ಯಾರೋ ಓದುತ್ತಿದ್ದಾರೆ, ಯಾರೋ ಅಳುತ್ತಿದ್ದಾರೆ, ಬಸ್ಸಿನವನು ಯಾರನ್ನೋ ಎತ್ತಿ ತಿರುಗಿಸುತ್ತಿದ್ದಾನೆ, ನನಗೆ ಕಾಣುವುದು ಅದೊಂದೇ, ಎದ್ದೇಳದ ಆ ಕೈ, ಕೋಲಿನ ಮೇಲೆ, ಹೆಬ್ಬೆರಳು ತಟ್ಟುತ್ತಿದೆ, ತಟ್, ತಟ್, ಕೋಲಿನ ಮೇಲೆ, ತಟ್ —