ಎದೆಯ ಮೇಲಿನ ನಿಂಬೆಹಣ್ಣು

ತಾಯಿತಕ್ಕೆ ಸಾವಿರದ ಇನ್ನೂರು, ಬಾಗಿಲಿಗೆ ಕಟ್ಟಿದ ಬೂದುಗುಂಬಳಕ್ಕೆ ನೂರೈವತ್ತು, ಅರಕಲಗೂಡು ಕಡೆಯ ಮಂತ್ರದವನಿಗೆ ಮೂರು ಸಾವಿರ, ಅವನಲ್ಲಿಗೆ ಹೋಗಿ ಬಂದ ಡೀಸೆಲ್ ಬೇರೆ. ಅವನು ಮಂತ್ರಿಸಿಕೊಟ್ಟ ನಿಂಬೆಹಣ್ಣು ಮಾತ್ರ ಪುಕ್ಕಟೆ. ಆ ಪುಕ್ಕಟೆ ಹಣ್ಣೇ ನಮ್ಮನ್ನು ಹೆಚ್ಚು ಗೋಳಾಡಿಸಿದ್ದು.

ನನ್ನ ಗಂಡ ಬಸವೇಶ ಹಿರೀಸಾವೆಯಿಂದ ಹಾಸನಕ್ಕೆ ಎಳನೀರು ಸಾಗಿಸುವ ಟೆಂಪೋ ಓಡಿಸುತ್ತಾರೆ. ಯುಗಾದಿ ಕಳೆದ ಮೇಲೆ ಅವರಿಗೊಂದು ಕಾಟ ಶುರುವಾಯಿತು. ಮಲಗಿದ್ದಾಗ ಎಚ್ಚರವಾಗಿ ಕಣ್ಣು ಬಿಟ್ಟರೆ ಕೈಕಾಲು ಆಡುವುದಿಲ್ಲ, ಬಾಯಿಂದ ಮಾತು ಹೊರಡುವುದಿಲ್ಲ. ಕರೀ ಕಂಬಳಿ ಹೊದ್ದ ಮುದುಕಿಯೊಬ್ಬಳು ಎದೆಯ ಮೇಲೆ ಕೂತು ಅಮುಕುತ್ತಾಳಂತೆ. ಸ್ವಲ್ಪ ಹೊತ್ತಿಗೆ ಎಲ್ಲ ಮಾಯ. ಆಗೊಮ್ಮೆ ಈಗೊಮ್ಮೆ ಹೀಗಾಗುತ್ತಿತ್ತು, ಅಷ್ಟೇ.

ಕೇಳಿದ್ದೇ ತಡ, ನನ್ನ ಅತ್ತೆ ನೀಲಗಂಗಮ್ಮ ಮಗನನ್ನು ಮಂತ್ರದವನ ಹತ್ತಿರ ಎಳೆದುಕೊಂಡು ಹೋದರು. ಹಣ್ಣನ್ನು ಎದೆಯ ಮೇಲಿಟ್ಟುಕೊಂಡು ಮಲಗಬೇಕು, ಬೆಳಗಾಗುವವರೆಗೆ ಅದು ಉರುಳಬಾರದು ಎಂದು ಅವನ ಅಪ್ಪಣೆಯಾಯಿತು.

ಹಣ್ಣು ಉರುಳಬಾರದೆಂದರೆ ಅಂಗಾತವೇ ಮಲಗಬೇಕಲ್ಲ. ಚಾಪೆ ತುಂಬ ಹೊರಳಾಡುತ್ತಿದ್ದ ಮನುಷ್ಯ ಮರದ ಹಲಗೆಯ ಹಾಗೆ ನೆಟ್ಟಗೆ ಮಲಗತೊಡಗಿದರು. ಅಪರೂಪಕ್ಕೆ ಬರುತ್ತಿದ್ದ ಮುದುಕಿ ದಿನಾ ಬರತೊಡಗಿದಳು. ಹೆದರಿ ಇವರು ರಾತ್ರಿ ಹೊತ್ತು ಮಲಗುವುದನ್ನೇ ಬಿಟ್ಟರು. ರಾತ್ರಿಯೆಲ್ಲ ಟೀವಿ, ಬೆಳಿಗ್ಗೆ ಕೆಂಗಣ್ಣಲ್ಲೇ ಸ್ಟೇರಿಂಗು. ಒಂದು ದಿನ ಚನ್ನರಾಯಪಟ್ಟಣದ ಹತ್ತಿರ ತೂಕಡಿಸಿ, ಟೆಂಪೋ ಡಿವೈಡರ್ ಉಜ್ಜಿಕೊಂಡು ನಿಂತಿತು.

ಆವತ್ತೇ ಕೀ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡೆ.

"ಕೊಡೇ ಕೀನಾ. ಲೋಡು ಕಾಯ್ತಾ ಅದೆ," ಅಂದರು ಗಂಡ.

"ಎದೆ ಮೇಲೆ ಮುದುಕಿ ಕೂತ್ರೆ ಎದ್ದೋಯ್ತಾಳೆ. ಲಾರಿ ಬಂದು ಕೂತ್ರೆ ಏಳಲ್ಲ ಕಣ್ರೀ. ಮೊದ್ಲು ನಿದ್ದೆ ಮಾಡಿ."

ಅತ್ತೆ ಬಾಗಿಲಿಗೆ ಬಂದರು. "ಅಣ್ಣು ಉರುಳೋಗಿರ್ತದೆ ಕಣ್ಲಾ ಮಗಾ. ಈ ಸತಿ ಎರಡು ಇಟ್ಕೊ."

"ಎರಡ್ಯಾಕತ್ತೆ? ಒಂದು ಕುಕ್ಕೆ ತುಂಬಾನೇ ಇಡಿ, ಚಿತ್ರಾನ್ನಕ್ಕಾದ್ರೂ ಆಯ್ತದೆ."

ಸಿಟ್ಟಿನಲ್ಲಿ ಅಂದೆನೇ ಹೊರತು, ನನ್ನ ತಲೆಯಲ್ಲಿ ಬೇರೊಂದು ಯೋಚನೆ ಕೊರೆಯುತ್ತಿತ್ತು. ಗಂಡನನ್ನು ಕೇಳಿದೆ: "ಮದ್ಯಾನ ಟೆಂಪೋದಾಗೆ ಒರಗ್ತೀರಲ್ಲ, ಅಲ್ಲಿಗೂ ಬತ್ತಾಳಾ?"

"ಇಲ್ಲ."

"ಅಲ್ಲಿ ಎಂಗೆ ಮಲಗ್ತೀರಿ?"

"ಸೀಟಲ್ಲಿ ಕಾಲು ಚಾಚಕ್ಕಾದದಾ? ಮಗ್ಗುಲಾಗಿ ಮುದುರ್ಕೊಂಡು."

"ಅಣ್ಣು?"

"ಅಲ್ಲೆಲ್ಲಿ ಇಟ್ಕೊಳ್ಲಿ?"

ಅಷ್ಟು ಸಾಕಾಯಿತು. ಬಸ್ಸು ಹತ್ತಿಸಿ ಚನ್ನರಾಯಪಟ್ಟಣದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ನಗಲಿಲ್ಲ. ದೇಹ ಇನ್ನೂ ನಿದ್ದೆಯಲ್ಲಿರುವಾಗಲೇ ಮನಸ್ಸು ಎಚ್ಚರವಾಗುತ್ತದೆ, ಕನಸು ಕಣ್ಣೆದುರೇ ಮುಂದುವರಿಯುತ್ತದೆ ಎಂದರು. ಅಂಗಾತ ಮಲಗಿದರೆ, ನಿದ್ದೆಗೆಟ್ಟರೆ ಹೆಚ್ಚಾಗುತ್ತದಂತೆ. ಹಾಗಾದಾಗ ಒದ್ದಾಡದೆ ನಿಧಾನವಾಗಿ ಉಸಿರಾಡಿ, ಒಂದು ಕಾಲ್ಬೆರಳು ಅಲ್ಲಾಡಿಸಲು ನೋಡಿ ಎಂದರು.

"ಅಂಗಾದ್ರೆ ಆ ಮುದುಕಿ ಯಾರು ಮೇಡಂ?" ಇವರು ಕೇಳಿದರು.

"ನಿಮ್ಮ ಕನಸೇ. ಏನೂ ಮಾಡಲ್ಲ. ಬೇಕಾದಷ್ಟು ಜನಕ್ಕೆ ಹೀಗಾಗುತ್ತೆ."

ಮನೆಗೆ ಬಂದವಳೇ ನಿಂಬೆಹಣ್ಣು ಕೊಯ್ದು ಪಾನಕ ಮಾಡಿದೆ.

"ಮಂತ್ರ್ಸಿದ ಅಣ್ಣು ಕಣೇ, ಮನೆಹಾಳಿ!" ಅತ್ತೆ ಕೂಗಿಕೊಂಡರು.

"ಸಕ್ರೆ ಸಾಲ್ದೇನೋ, ಕುಡ್ದು ನೋಡಿ ಅತ್ತೆ."

ಇವರು ಹೊತ್ತಿಗೆ ಸರಿಯಾಗಿ ಮಗ್ಗುಲಾಗಿ ಮಲಗತೊಡಗಿದರು. ಕೀ ಮಾತ್ರ ನಾನು ಕೊಡಲಿಲ್ಲ. ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳಿದರು: "ಬಂದಿದ್ಲು ಕಣೇ. ನೀನು ಕನಸು ಕಣವ್ವ, ಕೂತ್ಕೊ ಅಂದ್ಕೊಂಡು ಕಾಲ್ಬೆಟ್ಟು ಅಲ್ಲಾಡಿಸ್ದೆ. ಒಂಟೋದ್ಲು."

"ಎದ್ರಿಕೆ ಆಗ್ನಿಲ್ವಾ?"

"ಆಯ್ತು. ಆದ್ರೂ ಮಗ್ಗುಲಾಗಿ ತಿರ್ಗಾ ಮಲೀಕೊಂಡೆ."

ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟೆ.

ಮಂತ್ರದವನಿಗೆ ಕೊಟ್ಟ ದುಡ್ಡು ಹೋಯಿತು. ಟೆಂಪೋದ ಬಣ್ಣ ಹೋಯಿತು. ಅತ್ತೆ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ. ನನ್ನ ಗಂಡ ಮಲಗಲು ಹೆದರುವುದಿಲ್ಲ.