ಲಾರಿ ಓಡದ ದಿನ

ಲಿಯೊನೆಲ್ ಡಿಮೆಲ್ಲೊ ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ಒಮ್ಮೆಯೂ ಹೋದವನಲ್ಲ. ಇಟಲಿಯ ಹತ್ತಿರ ಅವನು ಬಂದದ್ದೆಂದರೆ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ದೇಶಗಳ ಹೆಸರಿಟ್ಟ ಬಡಾವಣೆಗಳಲ್ಲೊಂದಾದ ಇಟಲಿ ಕ್ಲಸ್ಟರಿನ ಬಾಡಿಗೆ ಮನೆಯವರೆಗೆ ಮಾತ್ರ. ಆದರೂ ಆ ದ್ವೀಪದ ಬೆಟ್ಟದ ರಸ್ತೆಗಳಲ್ಲಿ ಎಲ್ಲಿ ಕುಡಿಯುವ ನೀರು ಸಿಗುತ್ತದೆ, ಯಾವ ತಿರುವಿನಲ್ಲಿ ಆಡುಗಳು ಅಡ್ಡ ಬರುತ್ತವೆ, ಯಾವ ಮನೆಯ ನಾಯಿ ಸೈಕಲ್ ಕಂಡರೆ ಅಟ್ಟಿಸಿಕೊಂಡು ಬರುತ್ತದೆ ಎಂದು ಕೇಳಿದರೆ ದೇರಾದ ಆಫೀಸಿನ ಕುರ್ಚಿಯಲ್ಲಿ ಕೂತೇ ಹೇಳಿಬಿಡುತ್ತಿದ್ದ.

ಅದೇ ಅವನ ಕೆಲಸ. ಅಲ್ ಕುದ್ರಾದ ಮರಳಿನ ನಡುವಿನ ಚಪ್ಪಟೆ ಟ್ರ್ಯಾಕಿನಲ್ಲಿ ಸುತ್ತಿ ಸುತ್ತಿ ಬೇಸತ್ತ ದುಬೈಯ ಸೈಕಲ್ ಶೋಕಿಯವರನ್ನು ಬೆಟ್ಟವಿರುವ ಊರುಗಳಿಗೆ ಕರೆದೊಯ್ಯುವ ಒಂದು ಸಣ್ಣ ಟ್ರಾವೆಲ್ಸ್‌ನಲ್ಲಿ ಅವನು ದಾರಿ ಹುಡುಕುವವನು. ಗಿರಾಕಿಗಳಿಗೆ ಬೇಕಾದದ್ದು ವಾಹನಗಳಿಲ್ಲದ ದಾರಿ. ಲಿಯೊನೆಲ್ ಉಪಗ್ರಹದ ಚಿತ್ರಗಳನ್ನು ಹಿಗ್ಗಿಸಿ ನೋಡುತ್ತಿದ್ದ. ಡಾಂಬರಿನ ಅಂಚಿನಲ್ಲಿ ಹುಲ್ಲು ಬೆಳೆದಿದ್ದರೆ ಅವನ ಮುಖ ಅರಳುತ್ತಿತ್ತು. ಆಮೇಲೆ ಆ ಊರಿನ ಕಾಫಿ ಅಂಗಡಿಗೋ ಪೆಟ್ರೋಲ್ ಬಂಕಿಗೋ ಫೋನ್ ಹಚ್ಚಿ, ಶಾಲೆಯ ಬಸ್ಸು ಎಷ್ಟು ಹೊತ್ತಿಗೆ, ಹಾಲಿನ ವ್ಯಾನು ಯಾವಾಗ ಎಂದೆಲ್ಲ ಅವರ ತಲೆ ತಿನ್ನುತ್ತಿದ್ದ. ಮಾಲೀಕನಿಗೆ ಫೋನ್ ಬಿಲ್ಲಿನ ಗೊಣಗಾಟವಿದ್ದರೂ ಗಿರಾಕಿಗಳು ಮರಳಿ ಬಂದು ಲಿಯೊನೆಲ್‌ನ ಕೈ ಕುಲುಕುವುದನ್ನು ನೋಡಿ ಸುಮ್ಮನಾಗುತ್ತಿದ್ದ.

ಈ ಹುಚ್ಚು ಮಗ ಕೆವಿನ್‌ಗೂ ಹತ್ತಿತ್ತು. ದುಬೈಯಲ್ಲೇ ಹುಟ್ಟಿ, ದುಬೈಯಲ್ಲೇ ಓದಿ, ಈಗ ಒಂದು ಕೊರಿಯರ್ ಕಂಪನಿಯ ಆಫೀಸಿನಲ್ಲಿದ್ದ ಹುಡುಗ. ಸಂಜೆ ಮನೆಗೆ ಬಂದರೆ ಅಪ್ಪನ ಪಕ್ಕ ಕುರ್ಚಿ ಎಳೆದುಕೊಂಡು ಸ್ಕ್ರೀನಿನ ಮೇಲಿನ ಬೆಟ್ಟ ಹತ್ತುತ್ತಿದ್ದ. ಆ ಮೇ ತಿಂಗಳಲ್ಲಿ ತಂಡವನ್ನು ಮುನ್ನಡೆಸಬೇಕಾದವನು ಕೊನೆ ಗಳಿಗೆಯಲ್ಲಿ ಕೈಕೊಟ್ಟಾಗ, ಅಪ್ಪನ ದಾರಿಗಳೆಲ್ಲ ಬಾಯಿಪಾಠವಾಗಿದ್ದ ಕೆವಿನ್‌ನನ್ನೇ ಕಳಿಸೋಣವೆಂದು ಮಾಲೀಕ ಹೇಳಿದ. ಮಗ ಹಾರಿ ಕುಣಿದ. ತಾನು ನೋಡದ ರಸ್ತೆಯನ್ನು ಮಗ ನೋಡುತ್ತಾನಲ್ಲ ಎಂದು ಅಪ್ಪನೂ ಒಳಗೊಳಗೇ ಕುಣಿದ. ತಾಯಿ ಮಾರ್ಟಿನಾ ಮಾತ್ರ ಜಾಗ್ರತೆ ಜಾಗ್ರತೆ ಎಂದು ಪ್ರಾಣ ತಿಂದಳು. ಲಿಯೊನೆಲ್ ನಕ್ಕು, ನಿನ್ನ ಮಗ ಇಲ್ಲಿ ಕರಾಮಾದಲ್ಲಿ ರಸ್ತೆ ದಾಟುವುದಕ್ಕಿಂತ ಅದು ಎಷ್ಟೋ ಕ್ಷೇಮ ಎಂದು ಅವಳ ಬಾಯಿ ಮುಚ್ಚಿಸಿದ.

ತಂಡ ಹೊರಟ ವಾರದ ಶುಕ್ರವಾರ ಲಿಯೊನೆಲ್, ಮಾರ್ಟಿನಾ, ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಮಾರ್ಟಿನಾಳ ಅಕ್ಕ ಸೆರಫಿನ್, ಮೂವರೂ ಬೆಳಗಿನ ಪೂಜೆಗೆ ಚರ್ಚಿಗೆ, ಅವರ ಮಾತಿನಲ್ಲಿ ಇಗರ್ಜಿಗೆ, ಹೋದರು. ಆಗಿನ್ನೂ ಶುಕ್ರವಾರ ರಜೆಯಿದ್ದ ಈ ದೇಶದಲ್ಲಿ ಕ್ರೈಸ್ತರ ವಾರದ ಪೂಜೆಯೂ ಶುಕ್ರವಾರವೇ ಆಗುತ್ತಿತ್ತು. ಒಂದು ಭಾಷೆಯವರು ಹೊರಬರುವಷ್ಟರಲ್ಲಿ ಇನ್ನೊಂದು ಭಾಷೆಯವರು ಒಳಹೋಗಲು ನಿಂತಿರುತ್ತಿದ್ದರು. ಆ ನೂಕುನುಗ್ಗಲು ನೋಡಿ ಸೆರಫಿನ್ ಬೆರಗಾದಳು.

"ಎಂತ ಮಾರಾಯ್ತಿ ಇದು, ಶುಕ್ರವಾರ ಇಷ್ಟು ಜನ?" ಎಂದು ಒಳಗೆ ಬೆಂಚಿನಲ್ಲಿ ಕೂತ ಮೇಲೆ ತಂಗಿಯ ಕಿವಿಯಲ್ಲಿ ಹೇಳಿದಳು. "ನಮ್ಮಲ್ಲಿ ಇವತ್ತು ಶಾಲೆ ಉಂಟು, ಬ್ಯಾಂಕ್ ಉಂಟು. ಕಲ್ಲಿನ ಕೋರೆಯ ಲಾರಿಗಳು ಮನೆ ಎದುರು ಧೂಳೆಬ್ಬಿಸಿಕೊಂಡು ಹೋಗ್ತಾ ಉಂಟು. ನಿಮಗೆ ಮಾತ್ರ ಇವತ್ತು ಭಾನುವಾರ."

ಮಾರ್ಟಿನಾ ನಕ್ಕಳು. ಲಿಯೊನೆಲ್ ಕೂಡ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

ಚಳಿಗಾಲದಲ್ಲಿ ಬೊನಾರಿಯಾ ಫೋನಿನಲ್ಲಿ ಹೇಳಿದ್ದು ಅವನಿಗೆ ಅಕ್ಷರಶಃ ನೆನಪಾಯಿತು. ಬೊನಾರಿಯಾ ಎಂದರೆ ತಂಡ ಉಳಿದುಕೊಂಡಿದ್ದ ಬೆಟ್ಟದೂರಿನ ವಸತಿಗೃಹದ ಒಡತಿ. ಕಣಿವೆಯ ರಸ್ತೆಯಷ್ಟು ಚೆಂದದ್ದು ದ್ವೀಪದಲ್ಲೇ ಇಲ್ಲ, ಆದರೆ ಮೇಲೆ ಗ್ರಾನೈಟ್ ಕೋರೆ ಇದೆ, ದಿನವಿಡೀ ಲಾರಿಗಳು ಇಳಿಯುತ್ತವೆ, ದೀಪವಿಲ್ಲದ ಎರಡು ಸುರಂಗ ಬೇರೆ, ಊರಿಗೆ ಊರೇ ಚರ್ಚಿಗೆ ಹೋಗುವ ಭಾನುವಾರ ಮಾತ್ರ ಒಂದು ಲಾರಿಯೂ ಓಡುವುದಿಲ್ಲ ಎಂದಿದ್ದಳು. ಲಿಯೊನೆಲ್‌ಗೆ ನಿಧಿ ಸಿಕ್ಕಂತಾಗಿತ್ತು. ಕಣಿವೆಯ ದಾರಿಯನ್ನು ಇಗರ್ಜಿಯ ದಿನಕ್ಕೆ ಇಟ್ಟುಕೊಳ್ಳಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿದ. ವಾರಗಳ ನಂತರ ಯಾವ ದಿನ ಯಾವ ದಾರಿ ಎಂದು ಹಾಳೆಯಲ್ಲಿ ಹೊಂದಿಸುವಾಗ ಅವನ ಕೈ ತಾನಾಗಿಯೇ ಶುಕ್ರವಾರಕ್ಕೆ ಹೋಗಿತ್ತು, ಇವತ್ತು ಲಾರಿ ಇಲ್ಲ ಎಂದೂ ಬರೆದಿತ್ತು. ಮದುವೆಯಾಗಿ ಇಲ್ಲಿಗೆ ಬಂದಂದಿನಿಂದ ಅವನು ಇಗರ್ಜಿಗೆ ಹೋದದ್ದೆಲ್ಲ ಶುಕ್ರವಾರವೇ. ಅಲ್ಲಿ ಭಾನುವಾರ ರಜೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಯಾರು ಕೇಳಿದ್ದರೂ ಹೇಳುತ್ತಿದ್ದ. ಕೇಳುವವರು ಯಾರಿದ್ದರು? ಆ ಹಾಳೆಯನ್ನು ನೋಡಿದ ಇನ್ನೊಬ್ಬನೆಂದರೆ ಕೆವಿನ್. ಅವನಂತೂ ಜ್ಞಾನಸ್ನಾನವನ್ನೇ ಶುಕ್ರವಾರ ಪಡೆದವನು.

ಲಿಯೊನೆಲ್ ಜನರ ಮಂಡಿಗಳನ್ನು ತಳ್ಳಿಕೊಂಡು ಹೊರಗೆ ಓಡಿದ. ಅಂಗಳದ ಬಿಸಿಲಿನಲ್ಲಿ ನಿಂತು ಮಗನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ರೋಮಿಂಗ್ ದುಬಾರಿ, ರಾತ್ರಿ ವೈಫೈಯಲ್ಲಿ ಮೆಸೇಜ್ ಮಾಡಿದರೆ ಸಾಕು, ಹಗಲಲ್ಲಿ ಆಫ್ ಮಾಡಿಡು ಎಂದು ಕಲಿಸಿಕೊಟ್ಟವನು ತಾನೇ. ಆದರೂ ವಾಟ್ಸಾಪಿನಲ್ಲಿ, ಕಣಿವೆಗೆ ಹೋಗಬೇಡ, ಇದ್ದಲ್ಲೇ ನಿಲ್ಲು, ಲಾರಿ ಉಂಟು ಎಂದು ಬರೆದ. ಒಂದೇ ಟಿಕ್ ಬಂತು. ಮತ್ತೆ ಬರೆದ. ಮತ್ತೂ ಒಂದೇ ಟಿಕ್. ಅಲ್ಲಿ ಆಗತಾನೇ ತಿಂಡಿ ಮುಗಿಸಿ ಸೈಕಲ್ ಏರುವ ಹೊತ್ತು.

ಬೊನಾರಿಯಾಳ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಯಾರೂ ಎತ್ತಲಿಲ್ಲ. ತಂಡದ ಉಳಿದವರ ನಂಬರಿದ್ದ ಮಾಲೀಕನಿಗೆ ಮಾಡಿದ, ಅವನೂ ಎತ್ತಲಿಲ್ಲ, ರಜೆಯ ದಿನ, ಇನ್ನೂ ಮಲಗಿದ್ದಿರಬೇಕು. ಕೊನೆಗೆ ಬೊನಾರಿಯಾ ಫೋನೆತ್ತಿದಾಗ ಲಿಯೊನೆಲ್‌ನ ಇಂಗ್ಲಿಷು, ಅವನಿಗೆ ಬರುವ ನಾಲ್ಕು ಇಟಾಲಿಯನ್ ಮಾತು, ಎಲ್ಲ ಕಲಸಿಹೋಯಿತು. ಅವಳಿಗೆ ಹೇಗೋ ಅರ್ಥವಾಯಿತು. ತಾನು ಬೆಳಿಗ್ಗೆ ಸಂತೆಗೆ ಹೋಗಿದ್ದೆ, ಹುಡುಗರು ಆಗಲೇ ಹೊರಟುಹೋಗಿದ್ದಾರೆ, ಸಮುದ್ರದ ಕಡೆಗೆ ಹೋಗಿರಬೇಕು ಎಂದುಕೊಂಡಿದ್ದೆ ಎಂದಳು. ಕಣಿವೆಗೆ ಹೋಗಿದ್ದಾರೆ ಎಂದು ಲಿಯೊನೆಲ್ ಹೇಳಿದ. ಮರುಕ್ಷಣ ವ್ಯಾನಿನ ಬಾಗಿಲು ಬಡಿದ ಸದ್ದು, ಆಮೇಲೆ ಇಂಜಿನ್ನಿನ ಸದ್ದು ಕೇಳಿಸಿ ಕರೆ ಕಟ್ಟಾಯಿತು.

ಇನ್ನು ಕಾಯುವುದೊಂದೇ ಉಳಿದಿತ್ತು. ಅದೇ ಅವನನ್ನು ಕೊಂದಿತು. ಕಣ್ಣು ಮುಚ್ಚಿದರೆ ರಸ್ತೆ ಪೂರ್ತಿ ಕಾಣುತ್ತಿತ್ತು. ಈಗ ಸೇತುವೆ ದಾಟಿರುತ್ತಾರೆ. ಈಗ ಓಕ್ ಮರಗಳ ನೆರಳು. ಈಗ ಬಂಡೆಗೆ ಒತ್ತಿಕೊಂಡ ತಿರುವು, ಅದರಾಚೆ ಮೊದಲನೇ ಸುರಂಗ. ಅಲ್ಲಿನ ಒಂದೊಂದು ಕಲ್ಲಿನ ಗುರುತು ಬಲ್ಲ ಅವನಿಗೆ, ಅಲ್ಲಿ ಅಡ್ಡ ನಿಂತು ಕೈ ತೋರಿಸಲು ಒಬ್ಬ ಮನುಷ್ಯನನ್ನು ನಿಲ್ಲಿಸಲಾಗಲಿಲ್ಲ. ಒಳಗೆ ಕೊಂಕಣಿಯಲ್ಲಿ ಕೀರ್ತನೆ ಹಾಡುತ್ತಿದ್ದರು. ದೇವರೇ, ಅವನ ಸೈಕಲ್ ಪಂಕ್ಚರ್ ಆಗಲಿ ಎಂದು ಲಿಯೊನೆಲ್ ಬೇಡಿಕೊಂಡ. ಜ್ವರ ಬರಲಿ, ದಾರಿ ತಪ್ಪಲಿ, ಕಾಲು ಮುರಿದು ಬೀಳಲಿ, ಏನಾದರೂ ಆಗಲಿ, ಆ ಸುರಂಗದ ಹತ್ತಿರ ಮಾತ್ರ ಹೋಗದಿರಲಿ ಎಂದು ಬೇಡಿಕೊಂಡ. ಪಕ್ಕದ ಮರದ ನೆರಳಿನಲ್ಲಿ ಪೂಜೆಗೆ ಕಾಯುತ್ತಿದ್ದ ಫಿಲಿಪಿನೋ ಹೆಂಗಸೊಬ್ಬಳು ನೀರಿನ ಬಾಟಲಿ ತಂದುಕೊಟ್ಟಳು. ಅದನ್ನು ಹಿಡಿದುಕೊಂಡೇ ನಿಂತ, ಕುಡಿಯಲಿಲ್ಲ.

ಪೂಜೆ ಮುಗಿದು ಜನ ಹೊರಬಂದರು. ಮಾರ್ಟಿನಾ ಅವನನ್ನು ಹುಡುಕಿಕೊಂಡು ಬಂದಳು, ಪರಮಪ್ರಸಾದಕ್ಕೂ ಬಾರದೆ ಫೋನ್ ಹಿಡಿದು ನಿಂತಿದ್ದೀರಲ್ಲ ಎಂದು ಬೈಯಲು ಬಾಯಿ ತೆರೆದಳು. ಅವನ ಮುಖ ನೋಡಿ ಬೈಗಳು ಅಲ್ಲೇ ನಿಂತಿತು. ಏನಾಯಿತೆಂದು ಕೇಳಿದಳು. ಏನಿಲ್ಲ, ಆಫೀಸಿನದು ಎಂದ. ಅವಳು ನಂಬಲಿಲ್ಲ. ಅವನ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಳು. ಸೆರಫಿನ್ ಸ್ವಲ್ಪ ದೂರದಲ್ಲಿ ಜಪಮಾಲೆ ತೆಗೆದಳು.

ಆಗ ಫೋನ್ ಬಂತು. ಬೊನಾರಿಯಾಳ ನಂಬರು, ಮಾತಾಡಿದವನು ಕ್ಯಾಮಿಲಸ್. ಊರಿನ ಕಡೆಯ ಬಿಜೈಯ ಹುಡುಗ, ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್, ತಂಡದಲ್ಲಿ ಕೆವಿನ್‌ಗೆ ಎಲ್ಲರಿಗಿಂತ ಹತ್ತಿರದವನು.

"ಅಂಕಲ್," ಎಂದ. 

ಲಿಯೊನೆಲ್ ಹೇಳು ಮಗಾ ಎಂದ.

"ಮೇಲಿಂದ ಒಂದು ಲಾರಿ ಬಂತು ಅಂಕಲ್. ನಾವೆಲ್ಲ ಹೆದರಿ ಸುರಂಗದ ಹೊರಗೆ ನಿಂತ್ವಿ. ವಾಪಸ್ ಹೋಗುವ ಅಂತ ನಾನೇ ಹೇಳಿದೆ. ಕೆವಿನ್ ಕೇಳಲಿಲ್ಲ. ಇದೊಂದು ಯಾರೋ ತಪ್ಪಿ ಬಂದದ್ದು, ಇವತ್ತು ಇಲ್ಲಿ ಲಾರಿ ಇಲ್ಲ ಅಂತ ಪಪ್ಪ ಬರ್ದಿದ್ದಾರೆ, ಪಪ್ಪ ವಿಚಾರಿಸದೆ ಒಂದಕ್ಷರ ಬರಿಯೋದಿಲ್ಲ ಅಂದ. ನೀವು ನಿಲ್ಲಿ, ನಾನು ಮೊದಲು ಹೋಗಿ ತೋರಿಸ್ತೇನೆ ಅಂತ ಒಳಗೆ ಹೋದ. ಒಳಗೆ ಇನ್ನೊಂದು ಲಾರಿ ಎದುರು ಬಂತು." ಕ್ಯಾಮಿಲಸ್ ಉಸಿರು ಎಳೆದುಕೊಂಡ. "ನಾನೇ ನೋಡಿದೆ ಅಂಕಲ್. ನಾಡಿ ಹಿಡಿದು ನೋಡಿದೆ. ಇಲ್ಲ."

ಲಿಯೊನೆಲ್ ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಮಾರ್ಟಿನಾಗೆ ಹೇಳಬೇಕಾಗಲೇ ಇಲ್ಲ. ಅವಳು ಅವನ ಎದೆಗೆ ತಲೆ ಬಡಿದುಕೊಂಡು ಅತ್ತಳು, ನನ್ನ ಮಗು, ನನ್ನ ಮಗು ಎಂದು. ಸೆರಫಿನ್ ಓಡಿಬಂದು ಅವಳ ಬೆನ್ನು ಹಿಡಿದಳು. ಸುತ್ತ ಜನ ಸೇರಿದರು. ಯಾರೋ ಪಾದ್ರಿಯನ್ನು ಕರೆಯಲು ಹೋದರು. ಸ್ವಲ್ಪ ಹೊತ್ತಿನ ಮೇಲೆ ಮಾರ್ಟಿನಾ ಮುಖ ಎತ್ತಿದಳು.

"ಯಾರದ್ದು ಆ ಲಾರಿ? ಗಾಡಿ ಇಲ್ಲದ ರಸ್ತೆ ಅಂದಿದ್ರಲ್ಲ, ಲಾರಿ ಎಲ್ಲಿಂದ ಬಂತು?"

ಹೇಳದೆ ಇರಬಹುದಿತ್ತು. ಡ್ರೈವರನನ್ನು ಬೈಯಬಹುದಿತ್ತು, ಬೊನಾರಿಯಾ ಸರಿಯಾಗಿ ಹೇಳಲಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಜೀವವಿರುವವರೆಗೆ ನಂಬುತ್ತಿದ್ದಳು. ಮಗನೂ ಹಾಗೆಯೇ ನಂಬಿ ಸುರಂಗದೊಳಗೆ ಹೋದವನು. ಲಿಯೊನೆಲ್‌ಗೆ ಇನ್ನೊಬ್ಬರಿಂದಲೂ ಅದೇ ನಂಬಿಕೆ ತೆಗೆದುಕೊಳ್ಳಲು ಆಗಲಿಲ್ಲ.

"ಅಲ್ಲಿ ಇವತ್ತು ಕೆಲಸದ ದಿನ, ಮಾರ್ಟಿನಾ," ಎಂದ. "ಲಾರಿ ಇಲ್ಲದ್ದು ಭಾನುವಾರ ಅಂತ ಬೊನಾರಿಯಾ ಹೇಳಿದ್ಲು. ನಾನು ಶುಕ್ರವಾರ ಬರ್ದೆ."

ಮಾರ್ಟಿನಾ ಅವನನ್ನು ನೋಡಿದಳು. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ಕಿರುಚಲಿಲ್ಲ, ಹೊಡೆಯಲಿಲ್ಲ. ಅವನ ಕೈಯಲ್ಲಿದ್ದ ತನ್ನ ಕೈಯನ್ನು ಬಿಡಿಸಿಕೊಂಡು ಅಕ್ಕನ ಕಡೆಗೆ ತಿರುಗಿದಳು, ಮನೆಗೆ ಕರ್ಕೊಂಡು ಹೋಗು ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗೇಟಿನ ಕಡೆಗೆ ನಡೆದರು. ಮುಂದಿನ ಪೂಜೆಯ ಜನ ಒಳಗೆ ಬರುತ್ತಿದ್ದರು, ಲಿಯೊನೆಲ್ ಅವರಿಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತ.