ಅದಲುಬದಲಾದ ಭತ್ತದ ಹೆಸರು

ನಾಲೆಗೆ ನೀರು ಬಿಟ್ಟರು ಎಂಬ ಸುದ್ದಿ ಬಂದ ಕೂಡಲೇ ಭೇರ್ಯದ ಸುತ್ತಿನ ಊರುಗಳಲ್ಲಿ ಒಂದೇ ಮಾತು: ಈ ಸಲ ಯಾವ ಭತ್ತ ಹಾಕೋದು? ಹೋದ ವರ್ಷ ಬೆಂಕಿರೋಗ ಬಂದು ಎಷ್ಟೋ ಗದ್ದೆಗಳಲ್ಲಿ ತೆನೆ ಜೊಳ್ಳಾಗಿತ್ತು. ಎಲ್ಲರಿಗೂ ರೋಗ ತಡೆಯುವ ತಳಿ ಬೇಕಿತ್ತು.

ಅಂಥದೊಂದು ಊರಿನ ಸೊಸೆ ಶಾಂತಲಾ ಕೆ.ಆರ್. ನಗರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್.ಡಿ.ಗಾಗಿ ಚುಂಚನಕಟ್ಟೆ ಕಡೆಯ ಗದ್ದೆಗಳಲ್ಲಿ ಓಡಾಡಿ, ಕರಿದಂಟು ಮತ್ತು ಬಿಳಿದಂಟು ಎಂಬ ಎರಡು ನಾಟಿ ಭತ್ತಗಳನ್ನು ಹೋಲಿಸಿ ನೋಡಿದ್ದಳು. ಅದರ ಲೇಖನ ಒಂದು ಮುಕ್ತ ಪತ್ರಿಕೆಯಲ್ಲಿ ಬಂದಿತ್ತು. ಮುಕ್ತ ಪತ್ರಿಕೆ ಎಂದರೆ ಚಂದಾ ಕಟ್ಟದೆ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಓದಬಹುದಾದ ಸಂಶೋಧನಾ ಪತ್ರಿಕೆ. ಲೇಖನ ಬಂದ ದಿನ ಅವಳ ಗಂಡ ಲಿಂಗರಾಜು ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ಬನ್ನು, ಟೀ ಕೊಡಿಸಿದ್ದ.

ಒಂದು ಬೆಳಿಗ್ಗೆ ಪಕ್ಕದೂರಿನ ರೈತ ಮಹಿಳಾ ಸಂಘದ ಸುನಂದಮ್ಮ ಫೋನ್ ಮಾಡಿದರು.

“ಶಾಂತಲವ್ವಾ, ನಿನ್ನಿಂದ ಒಳ್ಳೇದಾಯ್ತು ಕಣವ್ವ! ನಿನ್ ಲೇಖನದಲ್ಲಿದ್ದ ಪಟ್ಟೀನ ಕನ್ನಡದಲ್ಲಿ ಅಚ್ಚಾಕ್ಸಿ ಮನೆಮನೆಗೆ ಅಂಚಿದ್ದೀವಿ. ಕೆಳಗೆ ನಿನ್ ಹೆಸರು, ಪತ್ರಿಕೆ ಹೆಸರು ಎಲ್ಲಾ ಅದೆ. ನಾಳೆ ಎಲ್ರೂ ಬಿಳಿದಂಟು ನೆನೆ ಹಾಕ್ತೀವಿ.”

“ಬಿಳಿದಂಟಾ? ರೋಗ ತಡ್ಕೊಂಡಿದ್ದು ಕರಿದಂಟಲ್ವಾ ಅಕ್ಕ?”

“ನೀನೇ ಬರ್ದಿದ್ದೀಯಲ್ಲವ್ವಾ, ಬಿಳಿದಂಟು ಅಂತ!”

“ಅಕ್ಕ, ಬೀಜ ನೆನೆ ಹಾಕ್ಬೇಡಿ. ಸಂಜೆ ಒಳಗೆ ಹೇಳ್ತೀನಿ” ಎಂದು ಶಾಂತಲಾ ಫೋನ್ ಇಟ್ಟು ಲೇಖನ ತೆರೆದಳು. ಬರಹದಲ್ಲಿ ಎಲ್ಲ ಸರಿಯಿತ್ತು. ಪಟ್ಟಿಯಲ್ಲಿ ಮಾತ್ರ ಎರಡು ಭತ್ತದ ಹೆಸರು ಅದಲುಬದಲಾಗಿದ್ದವು. ಅಚ್ಚಿಗೆ ಮುಂಚೆ ನೋಡಿ ಒಪ್ಪಿಗೆ ಕೊಡಿ ಎಂದು ಪತ್ರಿಕೆಯವರು ಕಳಿಸಿದ್ದ ಪ್ರತಿಯಲ್ಲೂ ಹಾಗೇ ಇತ್ತು. ಪರೀಕ್ಷೆ ಪೇಪರ್ ತಿದ್ದುವ ಗಡಿಬಿಡಿಯಲ್ಲಿ ಅವಳೇ ಸರಿಯಾಗಿ ನೋಡದೆ ಒಪ್ಪಿಬಿಟ್ಟಿದ್ದಳು.

ಲಿಂಗರಾಜುವಿಗೆ ಹೇಳಿದಾಗ ಅವನು ಹೌಹಾರಿದ.

“ಸುನಂದಕ್ಕಂಗೆ ಮೆತ್ತಗೆ ಏಳ್ಬುಡು, ಸಾಕು. ತಪ್ಪಾಗ್ಯದೆ ಅಂತ ಪತ್ರಿಕೇಲಿ ಆಕ್ಸುದ್ರೆ ಡಾಕ್ಟ್ರೇಟ್ ಕೊಟ್ಟಾರಾ? ಊರೋರು ನಗಾಕಿಲ್ವಾ?”

“ಬೇರೆಯೋರೂ ಓದ್ತಾರಲ್ರೀ?”

“ಅಂಗಾದ್ರೆ ಹೆಸರು ಬದಲಾಯ್ಸಿ ಇನ್ನೊಂದು ಕಡೆ ಹೊಸ್ದಾಗಿ ಆಕ್ಸು. ನಿನ್ ಫೋನಿಗೆ ಬಂದಿತ್ತಲ್ಲ ಮೆಸೇಜು, ದುಡ್ಡು ಕಟ್ಟಿದ್ರೆ ಮೂರೇ ದಿನಕ್ಕೆ ಪ್ರಕಟಣೆ ಅಂತ. ಕಟ್ಟಾನ ಬುಡು.”

ಶಾಂತಲಾಗೂ ಒಂದು ಗಳಿಗೆ ಹಾಗೇ ಮಾಡಿಬಿಡೋಣ ಅನ್ನಿಸಿತು. ಆದರೂ ಮನಸ್ಸು ತಡೆಯದೆ ಹಿಂದಿನ ಬೀದಿಯ ಮಂಗಳಗೌರಿಯನ್ನು ಕರೆದಳು. ಆಕೆ ಅದೇ ಕಾಲೇಜಿನ ಗ್ರಂಥಪಾಲಕಿ. ವಿಷಯವೆಲ್ಲ ಕೇಳಿ, ಮೆಸೇಜು ಓದಿ ಆಕೆ ತಲೆ ಅಲ್ಲಾಡಿಸಿದಳು.

“ಲಿಂಗರಾಜಣ್ಣ, ಲೇಖನ ಓದೋಕೆ ಮುಂಚೇನೇ ದುಡ್ಡು ಕೇಳ್ತಾವ್ರೆ. ಮೂರು ದಿನದಲ್ಲಿ ಅದನ್ನ ತಿಳಿದೋರ ಹತ್ರ ಪರೀಕ್ಷೆ ಮಾಡ್ಸೋಕಾಗುತ್ತಾ? ಇದು ಮೋಸದ ಅಂಗಡಿ ಕಣಣ್ಣ.”

“ಒಳ್ಳೆ ಪತ್ರಿಕೆಯೋರು ದುಡ್ಡೇ ತಗೊಳಾಕಿಲ್ವಾ?”

“ಕೆಲವರು ತಗೋತಾರೆ. ಆದ್ರೆ ಎಷ್ಟು, ಯಾವಾಗ ಅಂತ ಮೊದಲೇ ತೆರೆದು ಹೇಳಿರ್ತಾರೆ. ಏನೂ ತಗೊಳ್ಳದ ಒಳ್ಳೆ ಪತ್ರಿಕೆಗಳೂ ಬೇಕಾದಷ್ಟಿವೆ. ಶಾಂತಲಾ ಲೇಖನ ಬಂದಿರೋದು ಅಂಥದ್ರಲ್ಲೇ.”

“ಇನ್ನೊಂದು ಕಡೆ ಆಕುದ್ರೆ ಏನು ತಪ್ಪು? ನಮ್ ಬರವಣಿಗೆ ನಾವೇ ಕದಿಯಾದಾ?” ಲಿಂಗರಾಜು ನಕ್ಕ.

“ನೀವು ಒಂದೇ ಭತ್ತದ ಮೂಟೇನ ಇಬ್ರು ವ್ಯಾಪಾರಸ್ಥರಿಗೆ ಮಾರಿದ್ರೆ ಏನಂತಾರಣ್ಣ? ಒಂದು ಸಲ ಅಚ್ಚಾಗಿದ್ದನ್ನ ಹೊಸದು ಅಂತ ಮತ್ತೆ ಕೊಡೋದೂ ಹಂಗೇ. ಆವಾಗ ನೋಡಿ, ಡಾಕ್ಟ್ರೇಟಿಗೇ ಕುತ್ತು ಬರುತ್ತೆ.”

ಲಿಂಗರಾಜುವಿನ ನಗು ನಿಂತಿತು. “ಸುನಂದಕ್ಕ ಆ ಪಟ್ಟೀನ ಅಚ್ಚಾಕ್ಸವ್ರಲ್ಲ, ಅದೂ ಕಳ್ತನವಾ?”

“ಅಲ್ಲ. ಈ ಪತ್ರಿಕೇಲಿ ಲೇಖನದ ಹಕ್ಕು ಶಾಂತಲಾದೇ. ಹೆಸರು ಹಾಕಿ ಯಾರು ಬೇಕಾದ್ರೂ ಬಳಸ್ಕೊಳ್ಳಿ ಅಂತ ಅವಳೇ ಅನುಮತಿ ಕೊಟ್ಟವ್ಳೆ. ಅವರು ಹೆಸರು ಹಾಕವ್ರೆ, ಸರಿಯಾಗೇ ಮಾಡವ್ರೆ.” ಮಂಗಳಗೌರಿ ಶಾಂತಲಾ ಕಡೆ ತಿರುಗಿದಳು. “ನೀನೀಗ ಸಂಪಾದಕರಿಗೆ ನಿಜ ಬರಿ. ಅವರು ತಿದ್ದುಪಡಿ ಪ್ರಕಟಿಸಿ ಲೇಖನಕ್ಕೆ ಜೋಡಿಸ್ತಾರೆ. ಇದಕ್ಕೆ ದುಡ್ಡು ಬೇಕಿಲ್ಲ, ಧೈರ್ಯ ಬೇಕು.”

ಶಾಂತಲಾ ಮೊದಲು ಸುನಂದಮ್ಮನಿಗೆ ಫೋನ್ ಮಾಡಿದಳು. ನಡೆದದ್ದೆಲ್ಲ ಹೇಳಿದಳು. ಸುನಂದಮ್ಮ, “ಬೀಜ ಇನ್ನೂ ಮೂಟೇಲೇ ಅದೆ ಬುಡವ್ವ. ಈಗ್ಲೇ ಎಲ್ರಿಗೂ ಏಳ್ತೀನಿ, ಕರಿದಂಟು ಬೀಜ ತರ್ಸಾನ. ಬಾಯ್ಬುಟ್ಟು ಏಳುದ್ಯಲ್ಲ, ಅದೇ ದೊಡ್ಡದು” ಎಂದರು. ಶಾಂತಲಾಗೆ ಅಳು ಬಂತು.

ಅಂದೇ ಅವಳು ಸಂಪಾದಕರಿಗೂ ತನ್ನ ಮಾರ್ಗದರ್ಶಕರಿಗೂ ಬರೆದಳು. “ಲೆಕ್ಕವೆಲ್ಲ ಸರಿಯಿದೆ, ಹೆಸರಷ್ಟೇ ಅದಲುಬದಲಾಗಿದೆ. ತಿಳಿಸಿದ್ದು ಒಳ್ಳೆಯದಾಯಿತು, ಪದವಿಗೆ ಇದರಿಂದ ತೊಂದರೆಯಿಲ್ಲ” ಎಂದು ಮಾರ್ಗದರ್ಶಕರು ಉತ್ತರಿಸಿದರು. ಕೆಲವು ವಾರಗಳಲ್ಲಿ ತಿದ್ದುಪಡಿ ಪ್ರಕಟವಾಯಿತು. ಸಂಘದವರು ಹೊಸ ಕರಪತ್ರ ಹಂಚಿದರು. ಲಿಂಗರಾಜು ಮಾತ್ರ ಆ ವಿಷಯ ಎತ್ತಿದರೆ ಮುಖ ತಿರುಗಿಸುತ್ತಿದ್ದ.

ತೆನೆ ಬರುವ ಹೊತ್ತಿಗೆ ಪಿರಿಯಾಪಟ್ಟಣ ಕಡೆಯ ಅವನ ಷಡ್ಕ ಗುರುಸ್ವಾಮಿ ಮನೆಗೆ ಬಂದ. ಮುಖ ಬಾಡಿತ್ತು.

“ಒಂದು ತಾಕು ಗದ್ದೆಗೆ ಬಿಳಿದಂಟು ಆಕಿದ್ದೆ ಕಣಣ್ಣ. ಬೆಂಕಿರೋಗ ಬಂದು ಓಯ್ತು. ಮೊಬೈಲ್ನಲ್ಲಿ ಬಂದಿತ್ತು, ರೋಗ ಬರಾಕಿಲ್ಲ ಅಂತ.”

ಲಿಂಗರಾಜು ಮೊಬೈಲು ಇಸಿದುಕೊಂಡು ನೋಡಿದ. ಯಾವುದೋ ಕೃಷಿ ಸಲಹೆಯ ಜಾಲತಾಣ. ಅದರಲ್ಲಿದ್ದದ್ದು ಶಾಂತಲಾಳ ಹಳೆಯ ಪಟ್ಟಿಯೇ. ಅವಳ ಹೆಸರಿಲ್ಲ, ಪತ್ರಿಕೆಯ ಹೆಸರಿಲ್ಲ. ತಾವೇ ಕಂಡುಹಿಡಿದಂತೆ ಹಾಕಿಕೊಂಡಿದ್ದರು.

“ಹೆಸರು ಆಕಿದ್ರೆ ನೀನು ನಮಗೊಂದು ಫೋನ್ ಮಾಡ್ತಿದ್ದೆ. ತಿದ್ದಿದ್ದು ನಿಂಗೂ ಮುಟ್ತಿತ್ತು ಕಣ್ಲಾ” ಎಂದ ಲಿಂಗರಾಜು. ಆಮೇಲೆ ಹೆಂಡತಿಯನ್ನು ಕೂಗಿದ. “ಶಾಂತಲಾ, ಆ ತಿದ್ದುಪಡಿ ನನ್ ಫೋನಿಗೆ ಕಳ್ಸು. ಸುಮ್ನಿರು ಅಂದಿದ್ದೆ ನಾನು. ನನ್ ಮಾತು ಕೇಳಿದ್ರೆ ಸುನಂದಕ್ಕನ ಕಡೇರ ಬಿಟ್ಟು ಇನ್ನಾರ್ಗೂ ಗೊತ್ತಾಗ್ತಿರ್ಲಿಲ್ಲ.”

ಅವನೇ ಆ ಜಾಲತಾಣದವರಿಗೆ ಫೋನ್ ಮಾಡಿ ಜಗಳವಾಡಿದ. ಶಾಂತಲಾ ಪತ್ರವನ್ನೂ ಬರೆದಳು. ಅವರು ಕ್ಷಮೆ ಕೇಳಿ, ಸರಿಯಾದ ಪಟ್ಟಿಯನ್ನು ಅವಳ ಹೆಸರಿನೊಂದಿಗೆ ಹಾಕಿದರು. ಸುನಂದಮ್ಮನ ಸಂಘದ ಗದ್ದೆಗಳಲ್ಲಿ ಕರಿದಂಟು ತೆನೆದೂಗಿತು. ಅಲ್ಲಿಂದ ಗುರುಸ್ವಾಮಿಗೆ ಮುಂದಿನ ಸಾಲಿಗೆ ಬೀಜ ಕೊಡಿಸಿದವನೂ ಲಿಂಗರಾಜುವೇ.

ಸಂಶೋಧನೆ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬರಹವನ್ನು ಈಗ ಊರೇ ಓದುತ್ತದೆ. ಬೇಗ ಅಚ್ಚು ಹಾಕುತ್ತೇವೆ, ಮೊದಲು ದುಡ್ಡು ಕಳಿಸಿ ಎನ್ನುವವರನ್ನು ನಂಬುವ ಮುಂಚೆ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ವಿಚಾರಿಸಿ. ಇನ್ನೊಬ್ಬರದನ್ನು ಬಳಸಿದರೆ ಅವರ ಹೆಸರು ಹಾಕಿ. ಹೆಸರಿದ್ದರೆ ತಾನೇ ಓದುವವರು ಮೂಲಕ್ಕೆ ಹೋಗಿ ಕೇಳುವುದು? ನಿಮ್ಮದೇ ತಪ್ಪು ಕಣ್ಣಿಗೆ ಬಿದ್ದರೆ ನಾಚಬೇಡಿ, ಮುಚ್ಚಬೇಡಿ, ಇವತ್ತೇ ಸಂಪಾದಕರಿಗೆ ಬರೆಯಿರಿ. ನಿಮ್ಮ ಮಾತು ನಂಬಿ ಯಾರೋ ನಾಳೆ ಬೀಜ ನೆನೆ ಹಾಕುವವರಿದ್ದಾರೆ.